ಅತ್ತೆ ಇಲ್ಲದ ವಂಶವೃಕ್ಷಕ್ಕೆ ಸಹಿ ಹಾಕಬೇಡಿ!



ತಾತನ ಜಮೀನಿನ ಪೌತಿ ಖಾತೆ ಆಗಬೇಕು, ನಾಡಕಚೇರಿಗೆ ವಂಶವೃಕ್ಷ ಕೊಡಬೇಕು. ಅಪ್ಪ ಇಲ್ಲದ ಮನೆಗಳಲ್ಲಿ ಅವರ ಪಾಲಿಗೆ ಮಕ್ಕಳ ಸಹಿ ಬೇಕು. "ಬೇಗ ಕಳಿಸಪ್ಪಾ" ಅಂತ ದೊಡ್ಡಪ್ಪನ ಫೋನು, ಹಿಂದೆಯೇ ಮಿಂಚಂಚೆ. ನಮ್ಮಲ್ಲಿ ಎಷ್ಟೋ ಜನ ಎರಡು ಮೀಟಿಂಗ್ ನಡುವೆ ಪ್ರಿಂಟ್ ತೆಗೆದು ಸಹಿ ಹಾಕಿ ಕಳಿಸಿಬಿಡ್ತಾರೆ. ಆ ಮರದಲ್ಲಿ ಯಾರಿಲ್ಲ ಅಂತ ನೋಡಿದ್ದೀರಾ?

ಮದುವೆಯಾಗದೆ ಉಳಿದ ಸೋದರತ್ತೆ ಇಲ್ಲ. ತಾತ, ಅಜ್ಜಿ ಇಬ್ಬರನ್ನೂ ಕೊನೇವರೆಗೂ ನೋಡಿಕೊಂಡೋರು, ಬೇಸಿಗೆ ರಜೆಯಲ್ಲಿ ನಮ್ಮನ್ನೆಲ್ಲ ಸಾಕಿದೋರು. ಕೇಳಿದರೆ "ಅವಳಿಗೇನು ಸಂಸಾರವಾ, ಮಕ್ಕಳಾ, ಯಾಕೆ ಬರೆಯೋದು?" ಅಂತಾರೆ. ಇದನ್ನ ಮರೆವು ಅಂತ ಕರೆಯೋಕೆ ನನಗೆ ಮನಸ್ಸಿಲ್ಲ. ಎಕರೆ ಗುಂಟೆ ಲೆಕ್ಕ ಬಂದಾಗ ಮಾತ್ರ ಬರೋ ಮರೆವು ಎಂಥಾದ್ದು?

ಕಾನೂನು ಏನು ಹೇಳುತ್ತೆ ನೋಡಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಅಪ್ಪನ ಸ್ವಯಾರ್ಜಿತಕ್ಕೆ ಮಗಳೂ ವಾರಸುದಾರಳು. 1994ರ ಜುಲೈ 30ರಿಂದ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಪಿತ್ರಾರ್ಜಿತದಲ್ಲೂ ಮಗಳಿಗೆ ಮಗನಷ್ಟೇ ಹಕ್ಕು ಅಂದಿತು. ಅದಕ್ಕೆ ಮುಂಚೆ ಮದುವೆಯಾದವರನ್ನ ಹೊರಗಿಟ್ಟಿತು. ಅಂದ್ರೆ, ದೇಶಕ್ಕೆಲ್ಲ ಈ ಹಕ್ಕು ಬಂದ 2005ಕ್ಕಿಂತ ಹನ್ನೊಂದು ವರ್ಷ ಮೊದಲೇ ನಮ್ಮ ನಾಡು ಅದನ್ನ ಕೊಟ್ಟಿದ್ದು ಇದೇ ಮದುವೆಯಾಗದ ಅತ್ತೆಗೆ! ಮನೆಯವರು ಕಾಗದದಿಂದ ಬಿಡ್ತಿರೋದೂ ಇವರನ್ನೇ.

"ಅವರೇ ಪಾಲು ಬೇಡ ಅಂದಿದ್ದಾರೆ" ಅನ್ನೋರಿದ್ದಾರೆ. ಸಂತೋಷ. ಹೆಸರು ಬರೆದು, ಅವರಿಂದಲೇ ಹಕ್ಕು ಬಿಡುಗಡೆ ಪತ್ರ ಮಾಡಿಸಿ ನೋಂದಾಯಿಸಿ. ಬೇಡ ಅನ್ನೋಕೂ ಮೊದಲು ಹೆಸರು ಇರಬೇಕಲ್ವಾ ಸ್ವಾಮಿ?

ಆಸ್ತಿಯ ಮಾತಿಲ್ಲದೆ, ಬರೀ ಆಸೆಗೆ ಮನೆತನದ ಚರಿತ್ರೆ ಹುಡುಕೋ ಗೆಳೆಯರೂ ನಮ್ಮಲ್ಲಿದ್ದಾರೆ. ಅವರ ಮರದಲ್ಲೂ ಇದೇ ಕತೆ. ಇಲ್ಲಿನ ತಂತ್ರಾಂಶಗಳು ಸರ್‌ನೇಮ್ ಹಿಡಿದು ಹುಡುಕೋಕೆ ಆದವು, ಸ್ಮಿತ್ ಮಗ ಸ್ಮಿತ್. ಉತ್ತರ ಕರ್ನಾಟಕದ ಹೂಗಾರ, ಬಡಿಗೇರ, ಮೆಣಸಿನಕಾಯಿ ಮನೆಯವರಿಗೆ ಅದು ಹೇಗೋ ನಡೆಯುತ್ತೆ. ಹಳೇ ಮೈಸೂರಿನ ಕಡೆ ಇರೋದು ಇನಿಷಿಯಲ್: ಸಾಮಾನ್ಯವಾಗಿ ಮೊದಲನೇದು ಊರು, ಎರಡನೇದು ಅಪ್ಪ. ಕೆ.ವಿ. ಪುಟ್ಟಪ್ಪ ಅಂದ್ರೆ ಕುಪ್ಪಳಿ, ವೆಂಕಟಪ್ಪ. ಪಾಸ್‌ಪೋರ್ಟಿನ ಸರ್‌ನೇಮ್ ಖಾನೆ ತುಂಬೋಕೆ ಅಪ್ಪನ ಹೆಸರು ಹೋಯ್ತು (ಅದೂ ಇಲ್ಲದವರು ಅಮೆರಿಕದ ವೀಸಾದಲ್ಲಿ 'ಎಫ್‌ಎನ್‌ಯು' ಆದರು, ಆ ಗೋಳು ಬೇರೆ). ಊರಿನ ಅಕ್ಷರ ದಾರೀಲೇ ಉದುರಿಹೋಯ್ತು.

ಹೋಗಿದ್ದು ಸಣ್ಣ ಅಕ್ಷರ ಅಂದ್ಕೋಬೇಡಿ. ಮಕ್ಕಳಿರೋ ಗಂಡಸಿನ ಹೆಸರು ಅವರ ಇನಿಷಿಯಲ್‌ನಲ್ಲಿ ಉಳಿಯುತ್ತೆ. ಮದುವೆಯಾಗದ ಅತ್ತೆಯ, ಚಿಕ್ಕಪ್ಪನ ಹೆಸರು ಯಾರ ಇನಿಷಿಯಲ್ಲೂ ಆಗೋಲ್ಲ. ಒಡಹುಟ್ಟಿದವರ ಜೊತೆ ಹಂಚಿಕೊಂಡ ಆ ಎರಡಕ್ಷರವೇ ಅವರನ್ನ ಪತ್ತೆ ಹಚ್ಚೋ ಜಾಡು. ಅದನ್ನ ಹಿಡಿದು ಊರ ಶಾಲೆಯ ದಾಖಲಾತಿ ಪುಸ್ತಕ ತೆಗೆಸಿ, ಹಳೇ ಮತದಾರರ ಪಟ್ಟಿ ನೋಡಿ. ನಿಮ್ಮ ಕಡೆ ಎತ್ತಿನ ಮೇಲೆ ಬಂದು ವಂಶಾವಳಿ ಓದೋ ಹೆಳವರು ಇನ್ನೂ ಬರ್ತಿದ್ರೆ, ಅವರ ಪುಸ್ತಕದಲ್ಲಿ ಹೆಣ್ಣುಮಕ್ಕಳು ಇದ್ದಾರಾ ಅಂತ ಕೇಳಿ. ಸಿಕ್ಕಿದ್ದನ್ನ ಕನ್ನಡದಲ್ಲೇ, ಇನಿಷಿಯಲ್ ಬಿಡಿಸಿ ಬರೆಯಿರಿ.

ಸಹಿಗೆ ಕಾಯ್ತಿರೋ ಕಾಗದ ಈಗಲೂ ಮಿಂಚಂಚೆ ಪೆಟ್ಟಿಗೆಯಲ್ಲಿದ್ದರೆ, ಅತ್ತೆಯ ಹೆಸರು ಸೇರಿಸಿ ಅಂತ ಬರೆದು ವಾಪಸ್ ಕಳಿಸಿ. ದೊಡ್ಡಪ್ಪ ಮುನಿಸಿಕೊಂಡು ಫೋನ್ ಮಾಡಿದರೆ, ಫೋನನ್ನ ಒಂದು ನಿಮಿಷ ಅತ್ತೆಯ ಕೈಗೆ ಕೊಡೋಕೆ ಹೇಳಿ.