ತಿಳಿದ ಭಾಗ, ತಿಳಿಯದ ಭಾಗ

ಗೃಹಸ್ಥನು ಮಾಡುವ ಕೆಲಸಗಳಲ್ಲಿ ಬಹುಪಾಲು ಫಲವನ್ನರಿಯದೆ ಮಾಡುವಂಥವೇ ಆಗಿವೆ. ಮಗನನ್ನು ಓದಿಸುವ ತಂದೆಗೆ ಆ ವಿದ್ಯೆಯು ಅವನನ್ನು ಎಲ್ಲಿಗೆ ಕೊಂಡೊಯ್ಯುವುದೆಂದು ತಿಳಿಯದು. ಮಗಳನ್ನು ಧಾರೆಯೆರೆದು ಕೊಡುವ ತಾಯಿಗೆ ಆ ಮನೆಯ ಮುಂದಿನ ದಿನಗಳು ಕಾಣವು. ಹದ ನೋಡಿ ಬಿತ್ತಿದ ಒಕ್ಕಲಿಗನಿಗೆ ಮುಂದಿನ ಮಳೆಯ ಭರವಸೆಯಿಲ್ಲ. ಆದರೂ ಕೆಲಸವು ನಿಲ್ಲುವುದಿಲ್ಲ. ಹೀಗಿರುವಲ್ಲಿ ದೇವರ ವಿಷಯದಲ್ಲಿ ಮಾತ್ರ, ಮೊದಲು ಫಲವು ಕಾಣಲಿ, ಆಮೇಲೆ ನಂಬುವೆವು ಎನ್ನುವುದು ವಿಚಿತ್ರವಲ್ಲವೇ?

ಈ ವಿಷಯವನ್ನು ಆಲೋಚಿಸುವಾಗ ನಮಗೆ ಅಬ್ರಹಾಮನ ಕಥೆಯು ನೆನಪಾಗುವುದು. ಯೆಹೂದ್ಯರೂ ಕ್ರೈಸ್ತರೂ ಮುಸಲ್ಮಾನರೂ ಗೌರವಿಸುವ ಈ ಹಿರಿಯನ ವೃತ್ತಾಂತವು ಬೈಬಲಿನ ಆದಿಕಾಂಡದಲ್ಲಿದೆ. ಇಂದಿನ ತುರ್ಕಿ ದೇಶದ ದಕ್ಷಿಣಭಾಗದಲ್ಲಿರುವ ಖಾರಾನಿನಲ್ಲಿ ಅವನು ವಾಸವಾಗಿದ್ದನು. ಸ್ವದೇಶವನ್ನೂ ಬಂಧುಬಳಗವನ್ನೂ ತಂದೆಯ ಮನೆಯನ್ನೂ ಬಿಟ್ಟು, ತಾನು ತೋರಿಸುವ ದೇಶಕ್ಕೆ ಹೊರಡಬೇಕೆಂದು ದೇವರ ಅಪ್ಪಣೆಯಾಯಿತು. ಆ ಅಪ್ಪಣೆಯಲ್ಲಿ ದೇಶದ ಹೆಸರಿರಲಿಲ್ಲ. ಆಗ ಅವನಿಗೆ 75 ವರುಷ, ಮಕ್ಕಳಿರಲಿಲ್ಲ. ನೆಲಸಿದ ಊರನ್ನು ಬಿಡುವ ವಯಸ್ಸು ಅದಲ್ಲ. ಅವನು ಮರುಮಾತಾಡದೆ ಹೊರಟನು.

ಆದರೆ ಅಂಜಿಕೆಯನ್ನೇ ಅರಿಯದ ಮಹಾಪುರುಷನೆಂದು ಗ್ರಂಥವು ಇವನನ್ನು ಚಿತ್ರಿಸಿಲ್ಲ. ಕ್ಷಾಮ ತಲೆದೋರಲು ಅವನು ಐಗುಪ್ತಕ್ಕೆ ಹೋದನು. ಹೆಂಡತಿಯಾದ ಸಾರಳ ರೂಪಕ್ಕೆ ಮರುಳಾಗಿ ಅಲ್ಲಿಯವರು ತನ್ನನ್ನು ಕೊಂದಾರೆಂಬ ಭಯದಿಂದ, ಅವಳು ತನ್ನ ತಂಗಿಯೆಂದು ಹೇಳಿಸಿದನು. ಅರಸನು ಅವಳನ್ನು ಅರಮನೆಗೆ ಕರೆಸಿಕೊಂಡನು. ಪ್ರಾಣವನ್ನುಳಿಸಿಕೊಳ್ಳಲು ಆಡಿದ ಮಾತು ಹೆಂಡತಿಯ ಮಾನಕ್ಕೇ ಕುತ್ತಾಯಿತು. ಮತ್ತೆ, ಸಂತಾನದ ವಾಗ್ದಾನವಾಗಿ ವರುಷಗಳು ಕಳೆದರೂ ಮಗು ಹುಟ್ಟದಿರಲು, ಸಾರಳು ತನ್ನ ದಾಸಿಯಾದ ಹಾಗಾರಳನ್ನು ಗಂಡನಿಗೆ ಕೊಟ್ಟಳು. ಅವನ 86ನೆಯ ವಯಸ್ಸಿನಲ್ಲಿ ಇಷ್ಮಾಯೇಲನು ಹುಟ್ಟಿದನು. ಮನೆಯ ಶಾಂತಿಯು ಮಾತ್ರ ಉಳಿಯಲಿಲ್ಲ. ಕಡೆಗೆ ಆ ತಾಯಿಯೂ ಮಗನೂ ರೊಟ್ಟಿಯನ್ನೂ ಒಂದು ತಿತ್ತಿ ನೀರನ್ನೂ ಹಿಡಿದು ಬೇರ್ಷೆಬದ ಕಾಡಿನಲ್ಲಿ ಅಲೆಯಬೇಕಾಯಿತು. ನೀರು ಮುಗಿದು ಮಗನು ಸಾಯುವಂತಾದಾಗ ದೇವರೇ ಅವಳಿಗೆ ಬಾವಿಯನ್ನು ತೋರಿಸಿದನು.

ಫಲವೇನಾದೀತೋ ಎಂಬ ಕಳವಳದಿಂದ ಅದನ್ನು ತಾವೇ ಕೈಗೂಡಿಸಿಕೊಳ್ಳಲು ಹೊರಟ ಎರಡು ಸಲವೂ, ಮನೆಯ ಹೆಣ್ಣೊಬ್ಬಳು ಅದರ ಬೆಲೆಯನ್ನು ತೆತ್ತಳೆಂಬುದನ್ನು ವಾಚಕರು ಗಮನಿಸಬೇಕು.

ಮುಂದೆ ಅಬ್ರಹಾಮನ 100ನೆಯ ವರುಷದಲ್ಲಿ ಸಾರಳಿಗೆ ಇಸಾಕನು ಹುಟ್ಟಿದನು. ಆ ಮಗನನ್ನೇ ಅರ್ಪಿಸೆಂಬ ಅಪ್ಪಣೆಯ ಕಥೆಯನ್ನೋದಿ ನಡುಗದ ತಾಯಿತಂದೆಗಳುಂಟೇ? ಭಕ್ತಿಯ ಹೆಸರಿನಲ್ಲಿ ಮತ್ತೊಬ್ಬರ ಜೀವವನ್ನು ನೋಯಿಸಬಹುದೆಂದು ಇದರಿಂದ ಯಾರೂ ಎಣಿಸಬಾರದು. ಎತ್ತಿದ ಕತ್ತಿಯನ್ನು ದೇವರೇ ತಡೆದನೆಂಬುದು ಕಥೆಯ ಕೊನೆ. ಮುಸಲ್ಮಾನ ಸೋದರರು ಬಕ್ರೀದ್ ಹಬ್ಬದಲ್ಲಿ ಇಬ್ರಾಹೀಮರ ಈ ಶರಣಾಗತಿಯನ್ನೇ ಸ್ಮರಿಸುವರು.

ಇನ್ನು ಫಲದ ಮಾತು. ನಕ್ಷತ್ರಗಳಷ್ಟು ಸಂತತಿ, ಆ ಸಂತತಿಗೆ ಕಾನಾನ್ ದೇಶ, ಇದು ಅವನಿಗಾದ ವಾಗ್ದಾನ. ಸಾರಳು 127ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಅವಳನ್ನು ಹೂಳಲು ಅವನಿಗೆ ಸ್ವಂತ ನೆಲವಿರಲಿಲ್ಲ. ಹೆಬ್ರೋನಿನ ಬಳಿಯ ಮಕ್ಪೇಲದ ಹೊಲವನ್ನೂ ಅಲ್ಲಿದ್ದ ಗವಿಯನ್ನೂ 400 ಶೆಕೆಲ್ ಬೆಳ್ಳಿಯನ್ನು ತೂಗಿಕೊಟ್ಟು ಕೊಂಡುಕೊಂಡನು. ಅವನು ಕೊಂಡ ಭೂಮಿಯೆಂದು ಗ್ರಂಥವು ಹೇಳುವುದು ಇದೊಂದನ್ನೇ. ಅವನು 175 ವರುಷ ಬದುಕಿ ತೀರಿಕೊಂಡಾಗ ಇಸಾಕನೂ ಇಷ್ಮಾಯೇಲನೂ ಕೂಡಿ ತಂದೆಯನ್ನು ಅಲ್ಲಿಯೇ ಹೂಳಿದರು. ವಾಗ್ದಾನದ ಹೆಚ್ಚು ಭಾಗವನ್ನು ಅವನು ಕಣ್ಣಾರೆ ಕಾಣಲಿಲ್ಲ.

ನಮ್ಮ ಮನೆಗಳ ಕಡೆಗೆ ನೋಡೋಣ. ಸಂಬಂಧವು ಮುರಿದೀತೆಂದು ವಧುವಿನ ಅಥವಾ ವರನ ರೋಗವನ್ನು ಮುಚ್ಚಿಡುವವರಿದ್ದಾರೆ. ಮಗನಿಗೆ ಕೆಲಸ ತಪ್ಪೀತೆಂದು ಲಂಚವನ್ನೆಣಿಸಿ ಕೊಡುವವರಿದ್ದಾರೆ. ಇವರೂ ಬೆಳಗ್ಗೆ ಎದ್ದು ದೇವರ ಮುಂದೆ ದೀಪ ಹಚ್ಚುವವರೇ. ಮಾಡತಕ್ಕದ್ದು ಯಾವುದೆಂಬುದು ಅವರಿಗೆ ತಿಳಿಯದೆ ಇಲ್ಲ. ಮಾಡಿದರೆ ಏನಾಗುವುದೋ ಎಂಬುದೊಂದೇ ತಿಳಿಯದು. ತಿಳಿಯದ ಭಾಗವನ್ನು ದೇವರಿಗೆ ಒಪ್ಪಿಸಲಾರದೆ, ತಿಳಿದ ಭಾಗವನ್ನೂ ಕೈಬಿಡುವರು.

ನಿಜ ಹೇಳಿದವರಿಗೆಲ್ಲ ಸಂಬಂಧವು ಕೂಡಿಬರುವುದೆಂದು ನಾವು ಆಣೆಯಿಟ್ಟು ಹೇಳಲಾರೆವು. ಅದು ಮುರಿಯಲೂಬಹುದು. ಹಾಸಿಗೆಯ ಬಳಿ ರಾತ್ರಿಯೆಲ್ಲ ಪ್ರಾರ್ಥಿಸಿದ ತಾಯಿಗೆ ಮಗುವು ಉಳಿಯದಿರಲೂಬಹುದು. ಅವಳ ನಂಬಿಕೆ ಸಾಲದಾಯಿತೆಂದು ಆಡುವ ಬಾಯಿಗೆ ಕರುಣೆಯೂ ಇಲ್ಲ, ವಿವೇಕವೂ ಇಲ್ಲ. ನಂಬಿದೆನೆಂದು ಕೈಕಟ್ಟಿ ಕೂಡುವುದೂ ಸಲ್ಲದು. ವೈದ್ಯರನ್ನು ಕರೆಸುವುದು, ಹೊತ್ತುಹೊತ್ತಿಗೆ ಔಷಧ ಕೊಡುವುದು, ಇವೂ ದೇವರ ಆಜ್ಞಾಪಾಲನೆಯೇ. ಇಷ್ಟನ್ನು ಮಾಡಿ, ಉಳಿದುದನ್ನು ಅವನ ಪಾದದಲ್ಲಿಟ್ಟು, ಬಂದುದನ್ನು ಕಣ್ಣೀರಿನಿಂದಲಾದರೂ ಸ್ವೀಕರಿಸುವುದಕ್ಕೆ ನಾವು ನಂಬಿಕೆಯೆನ್ನುವೆವು.

ಪ್ರಿಯ ವಾಚಕರು ಫಲದ ಭಯದಿಂದ ಮುಂದೂಡಿರುವ ಒಂದು ಕರ್ತವ್ಯವನ್ನು ಈ ತಿಂಗಳು ನೆನೆದುಕೊಳ್ಳಲಿ. ಹೇಳಬೇಕಾದ ನಿಜವೋ, ತೀರಿಸಬೇಕಾದ ಸಾಲವೋ, ಒಡಹುಟ್ಟಿದವರಲ್ಲಿ ಬೇಡಬೇಕಾದ ಕ್ಷಮೆಯೋ ಇದ್ದೀತು. ಅದನ್ನು ಮಾಡಿದ ಮೇಲೆ ಏನಾಗುವುದೆಂದು ನಾವು ಹೇಳಲಾರೆವು. ಖಾರಾನಿನಿಂದ ಹೊರಟವನಿಗೂ ಆ ಬೆಳಗ್ಗೆ ತಿಳಿದಿದ್ದುದು ಹೊರಡಬೇಕೆಂಬುದಷ್ಟೆ.