ಸಿಗದೆ ಓಡುವವರು

ಖೋ-ಖೋ ಆಟದಲ್ಲಿ ಚಪ್ಪಾಳೆಯೆಲ್ಲ ಮುಟ್ಟಿದವರಿಗೆ. ಕಂಬ ಹಿಡಿದು ಚಿಮ್ಮಿ, ಮಣ್ಣಿನಲ್ಲಿ ಉರುಳಿ ಎದುರಾಳಿಯ ಹಿಮ್ಮಡಿ ತಾಕಿದವರ ಹೆಸರು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಸಿಗದೆ ಓಡಿದವರ ಹೆಸರು ಯಾರಿಗೆ ನೆನಪಿರುತ್ತದೆ, ಹೇಳಿ ಮಕ್ಕಳೇ?

ಅಂಥ ಒಬ್ಬರ ಕಥೆ ಇದು. ನಮ್ಮ ಚಾಮರಾಜನಗರ ಜಿಲ್ಲೆಯ ಗಡಿಗೆ ತಾಗಿಕೊಂಡೇ ತಿ. ನರಸೀಪುರ ತಾಲ್ಲೂಕಿದೆ. ಅಲ್ಲಿನ ಕುರುಬೂರಿನ ರೈತ ಕುಟುಂಬದ ಮಗಳು ಬಿ. ಚೈತ್ರಾ. ಖೋ-ಖೋದ ಮೊದಲ ವಿಶ್ವಕಪ್ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆಯಿತು. 19ನೇ ತಾರೀಖಿನ ಮಹಿಳೆಯರ ಫೈನಲ್‌ನಲ್ಲಿ ಭಾರತ ನೇಪಾಳವನ್ನು 78-40ರಿಂದ ಸೋಲಿಸಿತು. ಆ ಪಂದ್ಯದ ಶ್ರೇಷ್ಠ ಆಟಗಾರ್ತಿ ಚೈತ್ರಾ.

ಅಂಕಗಳ ಲೆಕ್ಕ ಸ್ವಲ್ಪ ನೋಡೋಣ. ಒಬ್ಬರನ್ನು ಮುಟ್ಟಿದರೆ 2 ಅಂಕ. ರಕ್ಷಣೆಗೆ ಮೂವರು ಮೂವರಾಗಿ ಇಳಿಯುತ್ತಾರೆ. ಒಂದು ಗುಂಪು 3 ನಿಮಿಷ ಉಳಿದರೆ 1 ಅಂಕ, ಆಮೇಲೆ ಪ್ರತಿ 30 ಸೆಕೆಂಡಿಗೆ ಇನ್ನೊಂದು. ಇದಕ್ಕೆ ‘ಡ್ರೀಮ್ ರನ್’ ಎನ್ನುತ್ತಾರೆ. ಕೊನೆಯ ಸರದಿಯಲ್ಲಿ ಚೈತ್ರಾ ಇದ್ದ ಗುಂಪು 5 ನಿಮಿಷ 14 ಸೆಕೆಂಡು ಉಳಿಯಿತು. ಸಿಕ್ಕಿದ್ದು 5 ಅಂಕ. 73 ಇದ್ದದ್ದು 78 ಆಯಿತು.

ಐದು ನಿಮಿಷದ ಏದುಸಿರಿಗೆ ಬರೀ ಐದೇ ಅಂಕವೇ ಎನ್ನಬೇಡಿ. ಆ ಹೊತ್ತಿನಲ್ಲಿ ನೇಪಾಳಕ್ಕೆ ಬರದೆ ಹೋದ ಅಂಕಗಳನ್ನು ಯಾವ ಫಲಕವೂ ಬರೆಯುವುದಿಲ್ಲ. ಬೇಲಿ ಗಟ್ಟಿಯಾಗಿದ್ದರೆ ಹಂದಿ ತಿನ್ನದೆ ಬಿಟ್ಟ ಬೆಳೆಯನ್ನು ಯಾರು ತೂಗುತ್ತಾರೆ? ಗುಂಡ್ಲುಪೇಟೆಯ ಕಾಡಂಚಿನಲ್ಲಿ ರಾತ್ರಿಯೆಲ್ಲ ಹೊಲ ಕಾಯುವವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಆಟ ಮುಗಿದ ಮೇಲೆ ಇನ್ನೊಂದು ಲೆಕ್ಕ ಶುರುವಾಯಿತು. ಪುರುಷರ ತಂಡವೂ ವಿಶ್ವಕಪ್ ಗೆದ್ದಿತ್ತು. ಅದರಲ್ಲಿ ನಮ್ಮ ರಾಜ್ಯದ ಎಂ.ಕೆ. ಗೌತಮ್ ಇದ್ದರು. ಇಬ್ಬರಿಗೂ ರಾಜ್ಯ ಸರ್ಕಾರ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ 2.25 ಕೋಟಿ ರೂಪಾಯಿ ಮತ್ತು ಸರ್ಕಾರಿ ನೌಕರಿ ಘೋಷಿಸಿತ್ತು. ಒಂದೇ ತಂಡ, ಒಂದೇ ಕಪ್. ಚೈತ್ರಾ, ಗೌತಮ್ ಇಬ್ಬರೂ ತಮ್ಮ ಬಹುಮಾನವನ್ನು ಬೇಡವೆಂದರು.

ಕೊಟ್ಟದ್ದನ್ನು ಬೇಡವೆನ್ನಬಹುದೇ ಎಂದು ಕೆಲವರು ಕೇಳಿದರು. ನನಗೆ ಅದು ದುರಾಸೆಯಾಗಿ ಕಾಣಲಿಲ್ಲ. ಹಳ್ಳಿಯ ಮನೆಗಳಲ್ಲಿ ಹೆಣ್ಣುಮಗಳೊಬ್ಬಳು ಹೈಸ್ಕೂಲು ದಾಟಿದ ಮೇಲೂ ಆಡುತ್ತೇನೆ ಎಂದರೆ ಬರುವ ಮೊದಲ ಪ್ರಶ್ನೆ, ‘ಇದರಿಂದ ಮುಂದೇನು?’ ಎಂಬುದು. ಆ ಪ್ರಶ್ನೆ ತಪ್ಪಲ್ಲ; ಮಳೆ ನಂಬಿ ಬದುಕುವವರು ನಾಳೆಯ ಬಗ್ಗೆ ಕೇಳಲೇಬೇಕು. ವಿಶ್ವಕಪ್ ಗೆದ್ದವರಿಗೇ ನೌಕರಿಯ ಭರವಸೆ ಇಲ್ಲವೆಂದರೆ ಅಪ್ಪ ಅಮ್ಮ ಏನೆಂದು ಉತ್ತರ ಕೊಟ್ಟುಕೊಳ್ಳಬೇಕು? ತಮಗೆ ಬಂದದ್ದನ್ನು ಬಿಟ್ಟು ಆ ಇಬ್ಬರು ಕೇಳಿದ್ದು, ಹಿಂದೆ ಬರುವವರಿಗೂ ಬೇಕಾದ ಪ್ರಶ್ನೆಯನ್ನೇ.

ಖೋ-ಖೋ ನಮ್ಮ ಕಡೆಯ ಮಕ್ಕಳಿಗೆ ಹೇಳಿಮಾಡಿಸಿದ ಆಟ. ಬ್ಯಾಟು ಬೇಡ, ಬಲೆ ಬೇಡ. ಎರಡು ಕಂಬ, ಒಂದಿಷ್ಟು ಸುಣ್ಣದ ಪುಡಿ, ಕಲ್ಲು ಆರಿಸಿದ ಬಯಲು ಸಾಕು. ಚಾಮರಾಜನಗರದಲ್ಲಾಗಲಿ ಗುಂಡ್ಲುಪೇಟೆಯಲ್ಲಾಗಲಿ ಶಾಲೆಗಳ ಕ್ರೀಡಾಕೂಟ ನಡೆದರೆ ನಾನು ಬಿಸಿಲಿಗೆ ತಲೆಯ ಮೇಲೆ ಟವೆಲ್ ಹಾಕಿಕೊಂಡಾದರೂ ಖೋ-ಖೋ ಅಂಕಣದ ಪಕ್ಕ ನಿಲ್ಲುತ್ತೇನೆ. ಬೆನ್ನಟ್ಟುವವರು ಸಾಮಾನ್ಯವಾಗಿ ನಡುಗೆರೆ ದಾಟುವಂತಿಲ್ಲ, ಹಿಂದಕ್ಕೆ ತಿರುಗುವಂತಿಲ್ಲ. ಓಡುವವರಿಗೆ ಆ ಕಟ್ಟು ಇಲ್ಲ. ಹಾಗಾಗಿ ಜೋರಾಗಿ ಓಡುವವರಿಗಿಂತ, ಯಾರಿಗೆ ‘ಖೋ’ ಸಿಗಬಹುದೆಂದು ಒಂದು ಗಳಿಗೆ ಮೊದಲೇ ಊಹಿಸುವವರು ಹೆಚ್ಚು ಹೊತ್ತು ಉಳಿಯುತ್ತಾರೆ. ಗಿಡ್ಡಗಿದ್ದೇನೆ, ಸಣಕಲಾಗಿದ್ದೇನೆ ಎಂದು ಹಿಂದೆ ನಿಲ್ಲುವ ಮಕ್ಕಳೂ ಇದರಲ್ಲಿ ಮುಂದೆ ಬರಬಹುದು.

ಅಪ್ಪ ಅಮ್ಮಂದಿರೇ, ನಿಮಗೊಂದು ಕೆಲಸ. ಈ ಸಲದ ಕ್ರೀಡಾಕೂಟಕ್ಕೆ ಮಗುವಿನ ಜೊತೆ ಹೋಗಿ. ಮೊಬೈಲಿನ ಗಡಿಯಾರ ಒತ್ತಿ, ನಿಮ್ಮ ಮಗು ಎಷ್ಟು ಹೊತ್ತು ಸಿಗದೆ ಉಳಿಯಿತೆಂದು ಅಳೆಯಿರಿ. ‘ಎಷ್ಟು ಜನರನ್ನು ಮುಟ್ಟಿದೆ?’ ಎಂದು ಕೇಳುವ ಮೊದಲು ಆ ಸೆಕೆಂಡುಗಳನ್ನು ಹೇಳಿ. ಫಲಕ ಬರೆಯದ ಲೆಕ್ಕವನ್ನು ಮನೆಯವರಾದರೂ ಬರೆದಿಡಬೇಕಲ್ಲವೇ?