ಕಸ ಎಲ್ಲಿಗೆ ಹೋಯಿತೆಂದು ಗ್ರಾಮಸಭೆಯಲ್ಲಿ ಕೇಳೋಣ

ಕುಪ್ಪಗಡ್ಡೆ ಹೋಬಳಿಯ ಬಂಧುಗಳೇ,

ಶುಂಠಿ ಹೊಲದ ಬದುವಿನ ಮೇಲೆ ಒಮ್ಮೆ ಕಣ್ಣಾಡಿಸಿ. ಔಷಧಿಯ ಖಾಲಿ ಬಾಟಲಿ ಒಂದು ಕಡೆ, ಅದರ ಮುಚ್ಚಳ ಇನ್ನೊಂದು ಕಡೆ. ತೋಟದಂಚಿನಲ್ಲಿ ಮೈಲುತುತ್ತದ ಚೀಲ, ಗುಟ್ಕಾ ಚೀಟಿ. ಜೋರು ಮಳೆ ಹಿಡಿದರೆ ಇವೆಲ್ಲ ಕೆರೆಗೆ ಇಳಿಯುತ್ತವೆ. ನಮ್ಮ ಸೊರಬ ಕೆರೆಗಳ ತಾಲೂಕು. ಕೋಡಿ ಬಿದ್ದ ನೀರು ಹಳ್ಳ ಸೇರಿ ವರದೆಗೆ, ಗಳಗನಾಥದಲ್ಲಿ ತುಂಗಭದ್ರೆಗೆ ಹೋಗುತ್ತದೆ. ನಾವು ಬದುವಿನಲ್ಲಿ ಬಿಟ್ಟದ್ದು ಹಾವೇರಿ ಸೀಮೆಯವರ ಪಾಲಿಗೂ ಬರುತ್ತದೆ.

ಇದಕ್ಕೆ ಕಾನೂನು ಇಲ್ಲದೆ ಇಲ್ಲ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಹಳ್ಳಿಯ ಪ್ಲಾಸ್ಟಿಕ್ಕಿನ ಹೊಣೆಯನ್ನು ಗ್ರಾಮ ಪಂಚಾಯಿತಿಗೆ ವಹಿಸಿದವು; ಬಯಲಲ್ಲಿ ಸುಡದಂತೆ ತಡೆಯುವುದೂ ಅದರಲ್ಲಿ ಸೇರಿದೆ. ಅದೇ ವರ್ಷದ ಘನತ್ಯಾಜ್ಯ ನಿಯಮಗಳು, ದಿನಕ್ಕೆ 5 ಟನ್ನಿಗಿಂತ ಹೆಚ್ಚು ಕಸ ಸಂಸ್ಕರಿಸುವ ಘಟಕಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕೆಂದವು. ಕಸ ಹೂಳುವ ಜಾಗ ನದಿಯಿಂದ 100 ಮೀಟರ್, ಕೆರೆ, ಮನೆ, ಕುಡಿಯುವ ನೀರಿನ ಬಾವಿಗಳಿಂದ 200 ಮೀಟರ್ ದೂರವಿರಬೇಕೆಂದೂ ಅಳತೆ ಹಾಕಿದವು. ಈ ಅಳತೆ ಹುಟ್ಟಿದ್ದು ಮುಖ್ಯವಾಗಿ ಪಟ್ಟಣಗಳ ಕಸ ನೋಡಿ. ಹಳ್ಳಿಯ ಕಸ ವಿಂಗಡಿಸುವ ಸ್ವಚ್ಛ ಸಂಕೀರ್ಣಕ್ಕೆ ದಿನಕ್ಕೆ 5 ಟನ್ ಕಸ ಬರುವುದೂ ಇಲ್ಲ. ಹಾಗಾಗಿ ಮಂಡಳಿಯವರು ಬಂದು ಊರೂರಿನ ಗುಂಡಿ ಅಳೆಯಲಿ ಎಂದು ಕಾಯುತ್ತ ಕೂರುವಂತಿಲ್ಲ. ಅವರ ಕಣ್ಣು ತಲುಪದ ಕಡೆ ನಮ್ಮ ಕಣ್ಣಿರಬೇಕು. ಅದಕ್ಕೆ ಕಾನೂನೇ ಕೊಟ್ಟ ಜಾಗ ಗ್ರಾಮಸಭೆ.

ಆರು ತಿಂಗಳಿಗೊಮ್ಮೆಯಾದರೂ ಸೇರಬೇಕಾದ ಆ ಸಭೆಯಲ್ಲಿ ಮನೆ, ಜಾಬ್ ಕಾರ್ಡ್, ರಸ್ತೆಯ ಮಾತು ಮುಗಿದರೆ ಎದ್ದು ಬರುತ್ತೇವೆ. ಈ ಸಲ ಇನ್ನಷ್ಟು ಹೊತ್ತು ಕೂತು ಕೇಳೋಣ: ಒಣಕಸ ಯಾರಿಗೆ ಮಾರಾಟವಾಯಿತು? ತೂಕ ಎಷ್ಟು? ಮಾರಾಟವಾಗದೆ ಉಳಿದದ್ದು ಎಲ್ಲಿದೆ? ಆ ಜಾಗ ಕೆರೆಯಿಂದ 200 ಮೀಟರ್ ದೂರವಿದೆಯೇ? ಉತ್ತರ ನಡಾವಳಿಯಲ್ಲಿ ದಾಖಲಾಗಲಿ.

ಉಳಿದ ಕಸಕ್ಕೆ ದಾರಿಯೇ ಇಲ್ಲ ಎನ್ನುವವರು ಕಾರ್ಕಳ ತಾಲೂಕಿನ ನಿಟ್ಟೆಯ ಕಡೆ ನೋಡಲಿ. ದಿನಕ್ಕೆ 10 ಟನ್ ಒಣಕಸ ವಿಂಗಡಿಸುವ ಘಟಕ ಅಲ್ಲಿದೆ. ಸುತ್ತಲಿನ ಹತ್ತಾರು ಪಂಚಾಯಿತಿಗಳು ಅದಕ್ಕೆ ಕಸ ಕಳಿಸುತ್ತವೆ. ಒಂದು ಪಂಚಾಯಿತಿಯ ಕೈಯಲ್ಲಿ ಆಗದ್ದು ಹಲವು ಕೂಡಿದರೆ ಆಗುತ್ತದೆ. ಸೊರಬ, ಶಿಕಾರಿಪುರದ ಪಂಚಾಯಿತಿಗಳೂ ಕೂಡಿ ಇಂಥದೊಂದು ಘಟಕ ಕೇಳಬಹುದು.

ಕೇಳುವ ಹಕ್ಕು ನಮ್ಮದಾದರೆ ಮಾಡುವ ಕೆಲಸವೂ ನಮ್ಮದೇ. ಬೇರೆ ಮಾಡದ ಕಸವನ್ನು ಕೈಯಿಂದ ಆರಿಸುವವರು ನಮ್ಮೂರಿನ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ. ಅನ್ನ ಮೆತ್ತಿದ ಕವರಿನೊಳಗೆ ಒಡೆದ ಗಾಜು, ಬಳಸಿದ ಪ್ಯಾಡು ಸಿಕ್ಕರೆ ಅವರ ಕೈ ಏನಾಗಬೇಕು? ಹಸಿಕಸ ನಮ್ಮ ತಿಪ್ಪೆಗೇ ಹೋಗಲಿ. ಗಾಜು, ಪ್ಯಾಡುಗಳನ್ನು ಬೇರೆಬೇರೆ ಕಾಗದದಲ್ಲಿ ಸುತ್ತಿ ಕೊಡೋಣ. ಔಷಧಿ ಬಾಟಲಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸ್ಪ್ರೇಯರಿಗೇ ಸುರಿದು, ತಳಕ್ಕೆ ತೂತು ಮಾಡಿ ಪ್ರತ್ಯೇಕ ಇಡೋಣ. ಒಣಕಸಕ್ಕೆ ಬೆರೆಸುವುದು ಬೇಡ. ಈ ಬಾಟಲಿಗಳನ್ನು ವಾಪಸ್ ಪಡೆಯುವ ಏರ್ಪಾಡು ಮಾಡಿ ಎಂದು ರೈತ ಸಂಪರ್ಕ ಕೇಂದ್ರಕ್ಕೆ ಒತ್ತಾಯಿಸೋಣ. ಪೈಪು, ಪ್ಲಾಸ್ಟಿಕ್ ಚೀಲಕ್ಕೆ ಬೆಂಕಿ ಹಚ್ಚುವುದನ್ನು ಇಂದೇ ನಿಲ್ಲಿಸೋಣ. ಪಿವಿಸಿ ಪೈಪು ಸುಟ್ಟ ಹೊಗೆಯಲ್ಲಿ ಕ್ಯಾನ್ಸರ್ ತರುವ ಡಯಾಕ್ಸಿನ್ ಇರುತ್ತದೆ.

ಗ್ರಾಮಸಭೆಯ ದಿನ ಗೊತ್ತಾದ ಕೂಡಲೇ ಅಕ್ಕಪಕ್ಕದ ಮನೆಯವರಿಗೂ ತಿಳಿಸಿ. ಒಬ್ಬರು ಕೇಳಿದರೆ ಮಾತು ಹಾರಿಹೋಗುತ್ತದೆ, ಊರೇ ಕೇಳಿದರೆ ಉತ್ತರ ಬಂದೇ ಬರುತ್ತದೆ. ದಯಮಾಡಿ ಎಲ್ಲರೂ ಬನ್ನಿ.